ನೀವು ಹೇಳಿದ ಸೇತುವೆ, ಅವನು ಕಂಡ ಸೇತುವೆ

ಪ್ರಶ್ನೆ: ನಾನು ಮೈಸೂರಿನವಳು. ಎಂಟು ತಿಂಗಳಿಂದ ಪ್ರತಿ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆಯಾಟ ಆಡಿಸುತ್ತಿದ್ದೇನೆ. ನಾನೇ ಡಿಎಂ, ಅಂದರೆ ಕಥೆ ಹೇಳುವವಳು. ಆಡುವವರು ನಾಲ್ಕು ಜನ: ಇಬ್ಬರು ಆಫೀಸಿನ ಗೆಳತಿಯರು, ಒಬ್ಬ ಕಾಲೇಜಿನ ಗೆಳೆಯ, ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ. ಹೋದ ತಿಂಗಳು ಆಟದ ನಡುವೆ "ಕಣಿವೆಗೆ ಅಡ್ಡಲಾಗಿ ಒಂದು ಹಳೇ ಸೇತುವೆ ಇದೆ" ಎಂದೆ. ನನ್ನ ತಲೆಯಲ್ಲಿದ್ದದ್ದು ಹಗ್ಗ, ಹಲಗೆಯ ತೂಗುಸೇತುವೆ. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ಕುದುರೆಯನ್ನು ಗಾಡಿ ಸಮೇತ ಅದರ ಮೇಲೆ ಹತ್ತಿಸಿಬಿಟ್ಟ. ದಾಳ ಹಾಕಿಸಿದೆ, ಬರೀ 3 ಬಿತ್ತು. ಸೇತುವೆ ಕಡಿದು ಅವನ ಕ್ಯಾರೆಕ್ಟರ್ ಸತ್ತಿತು. "ನಾನು ಕಲ್ಲಿನ ಸೇತುವೆ ಅಂದ್ಕೊಂಡಿದ್ದೆ ಅಕ್ಕಾ, ತೂಗುಸೇತುವೆ ಮೇಲೆ ಯಾರಾದ್ರೂ ಗಾಡಿ ಓಡಿಸ್ತಾರಾ?" ಅಂತ ಜಗಳ ತೆಗೆದ. ಆ ಗಲಾಟೆಯಲ್ಲೇ ಒಬ್ಬ ಗೆಳತಿ, "ನನಗೆ ಯಾವ ಸೇತುವೆಯೂ ಕಾಣಿಸಲಿಲ್ಲ, ನನಗೆ ಯಾವತ್ತೂ ಏನೂ ಕಾಣಿಸೋದಿಲ್ಲ" ಎಂದಳು. ಅಂದಿನಿಂದ ಆಟ ನಿಂತಿದೆ. ನನ್ನ ವರ್ಣನೆ ಸಾಲದೇ? ಮ್ಯಾಪು, ಮಿನಿಯೇಚರ್ ಗೊಂಬೆ ಕೊಳ್ಳಬೇಕೇ? ಆ ಗೆಳತಿಗೆ ಆಟದಲ್ಲಿ ಆಸಕ್ತಿ ಇಲ್ಲ ಅಂತಲೇ? ಆಗಿಹೋದ ಸಾವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ?

ಉತ್ತರ: ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಅವುಗಳ ಅಡಿಯಲ್ಲಿರುವ ಅಳುಕು ಒಂದೇ ಅನ್ನಿಸುತ್ತದೆ: ಎಂಟು ತಿಂಗಳು ನಾವೆಲ್ಲ ಒಂದೇ ಲೋಕದಲ್ಲಿ ಓಡಾಡುತ್ತಿದ್ದೆವು ಅಂದುಕೊಂಡಿದ್ದೆನಲ್ಲ, ಅದು ಸುಳ್ಳೇ?

ಸುಳ್ಳೇ. ಆದರೆ ಗಾಬರಿಯಾಗಬೇಡಿ, ಯಾವ ಟೇಬಲ್ಲಿನಲ್ಲೂ ಅದು ನಿಜವಲ್ಲ. ನಾನು ಹದಿನಾರು ವರ್ಷದಿಂದ ಈ ಆಟಗಳನ್ನು ಆಡಿಸುತ್ತಿದ್ದೇನೆ, ಈಚೆಗೆ ಅದೇ ಹೊಟ್ಟೆಪಾಡು. ಐದು ಜನರ ತಲೆಯಲ್ಲಿ ಒಂದೇ ಚಿತ್ರ ಮೂಡಿದ್ದನ್ನು ಒಂದು ಸಲವೂ ನೋಡಿಲ್ಲ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಬ್ಬರು ಕಥೆಯ ಲೋಕವನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಅವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಉಳಿದವರಿಗೆ ಒಂದೊಂದು ಪಾತ್ರ. "ನಾನು ಬಾಗಿಲು ಒದೀತೀನಿ" ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಇದನ್ನು ಹೊರತಂದರು. ಚೌಕಾಬಾರದಲ್ಲಿ ಮನೆಗಳು ಕಣ್ಣೆದುರಿಗೇ ಇರುತ್ತವೆ, ಕಾಯಿ ಎಲ್ಲಿದೆ ಅಂತ ಜಗಳವಾಡುವ ಹಾಗಿಲ್ಲ. ಇಲ್ಲಿ ಹಾಗಲ್ಲ. ಬಹುಪಾಲು ಆಟ ಗಾಳಿಯಲ್ಲೇ ನಡೆಯುತ್ತದೆ.

ಈಗ ನಿಮ್ಮ ಸೇತುವೆಗೆ ಬರೋಣ. "ಹಳೇ ಸೇತುವೆ" ಎಂಬ ಎರಡು ಪದ ಹೇಳಿದಿರಿ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆಗಳ ಮೇಲೆ ಕಟ್ಟಿಕೊಟ್ಟಂಥ ತೂಗುಸೇತುವೆಗಳನ್ನು ನೀವು ಎಲ್ಲೋ ದಾಟಿರಬಹುದು. ಅಥವಾ ಸಿನಿಮಾದಲ್ಲಿ ನೋಡಿರಬಹುದು. ನಿಮ್ಮ ತಮ್ಮ? ಇದು ನನ್ನ ಊಹೆ ಅಷ್ಟೆ, ಆದರೆ ಮೈಸೂರಿನ ಹುಡುಗನಿಗೆ ಹಳೇ ಸೇತುವೆ ಅಂದರೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬ ನಿಲ್ಲಿಸಿ ಕಟ್ಟಿದ್ದು. ಎಷ್ಟು ಪ್ರವಾಹ ಬಂದರೂ ನಿಂತೇ ಇದೆ. ಗಮನಿಸಿ: "ಹಳೇದು" ಅಂದರೆ ನಿಮ್ಮ ಮನಸ್ಸಿನಲ್ಲಿ "ಹುಷಾರು" ಅಂತ. ಅವನ ಕಿವಿಗೆ ಅದೇ ಪದ "ಗಟ್ಟಿ" ಅಂತ ಬಿದ್ದಿರಬಹುದು. ನೀವು ಎಚ್ಚರಿಕೆ ಕೊಟ್ಟೆ ಅಂದುಕೊಂಡಿರಿ, ಅವನು ಭರವಸೆ ಪಡೆದ.

ನಾನೇನು ಇದರಲ್ಲಿ ನಿಮಗಿಂತ ಜಾಣನಲ್ಲ. ಆಡಿಸಲು ಶುರುಮಾಡಿದ ಹೊಸದರಲ್ಲಿ ಒಂದು ಹಳ್ಳಿ, ಹಳ್ಳಿಯ ನಡುವೆ ಬಾವಿ ಎಂದೆ. ಬಾವಿಯೊಳಗಿಂದ ಮಗು ಅಳುವ ಸದ್ದು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಬಾವಿ ಅಂದರೆ ಕಟ್ಟೆ, ರಾಟೆ, ಕೊಡಪಾನ, ಕೆಳಗೆ ಕತ್ತಲು. ಆಡುತ್ತಿದ್ದವರಲ್ಲಿ ಒಬ್ಬರು ವಿಜಯಪುರದವರು. ಕೂಡಲೇ "ನಾ ಓಡಿ ಇಳದು ಕೂಸಿನ್ನ ಎತ್ಕೋತೀನಿ" ಅಂದರು. ಇಳಿಯೋದು ಹೇಗೆ, ಹಗ್ಗ ಎಲ್ಲಿದೆ ಅಂತ ನಾನು. "ಪಾವಟಗಿ ಮ್ಯಾಲ ಇಳೀತೀನಿ, ಮತ್ತ ಹೆಂಗ?" ಅಂತ ಅವರು. ಅವರ ಊರಿನ ಬಾವಿಗೆ ಮೆಟ್ಟಿಲು ಇರುತ್ತವೆ, ನಡೆದು ಇಳಿದು ನೀರು ತುಂಬಿಕೊಂಡು ಬರುತ್ತಾರೆ. ನಾನು ಕಾಲು ಗಂಟೆ ವಾದ ಮಾಡಿದೆ. ಬಾವಿಗೆ ಮೆಟ್ಟಿಲು ಇದೆ ಅಂತ ನಾನು ಹೇಳಿರಲಿಲ್ಲ, ನಿಜ. ಇಲ್ಲ ಅಂತಲೂ ಹೇಳಿರಲಿಲ್ಲ. ಆ ಸಂಜೆ ಮಗು ಉಳಿಯಿತು, ಆಟ ಉಳಿಯಲಿಲ್ಲ.

ಇದಕ್ಕೆ ನಮ್ಮಲ್ಲಿ ಇನ್ನೊಂದು ಸಿಕ್ಕೂ ಇದೆ. ರೂಲ್ಸ್ ಪುಸ್ತಕ ಇಂಗ್ಲಿಷಿನಲ್ಲಿ, ಆಟದ ಮಾತು ಅರ್ಧ ಕನ್ನಡದಲ್ಲಿ. ಟ್ಯಾವರ್ನ್ ಅಂದಾಗ ಒಬ್ಬರಿಗೆ ಕಾಣುವುದು ಮರದ ತೊಲೆ, ಬೆಂಕಿಗೂಡು. ಇನ್ನೊಬ್ಬರಿಗೆ ಹೈವೇ ಪಕ್ಕದ ಬಾರ್ ಅಂಡ್ ರೆಸ್ಟೋರೆಂಟು. ಕೋಟೆ ಅಂದರೆ ಒಬ್ಬರಿಗೆ ಕಾರ್ಟೂನಿನ ಚೂಪು ಗೋಪುರ. ಚಿತ್ರದುರ್ಗ ನೋಡಿದವರಿಗೆ ಬಂಡೆಗಳ ನಡುವೆ ಸುತ್ತು ಸುತ್ತಾಗಿ ಏರುವ ಗೋಡೆ. ಎರಡಕ್ಕೂ ಲಗ್ಗೆ ಹಾಕುವ ದಾರಿಯೇ ಬೇರೆ ಅಲ್ವಾ?

ಹಾಗಾದರೆ ಹಂಚಿಕೊಂಡ ಲೋಕ ಅಂತ ಅನ್ನುವುದು ಯಾವುದನ್ನು? ತಾಳಮದ್ದಳೆ ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಂಚೆ ಉಟ್ಟು ಕೂತಲ್ಲೇ ಮಾತಿಗೆ ಮಾತು ಕಟ್ಟುತ್ತಾರೆ. ಕೇಳುವ ಇನ್ನೂರು ಜನಕ್ಕೆ ಇನ್ನೂರು ಕೃಷ್ಣ ಕಾಣಬಹುದು. ಯಾರೂ ಜಗಳವಾಡುವುದಿಲ್ಲ. ಯಾಕೆಂದರೆ ಅಲ್ಲಿ ನಡೆಯುವುದು ಆಡಿದ ಮಾತಿನ ಮೇಲೆ. ಎದುರಾಳಿ ಬಾಯಿಬಿಟ್ಟು ಹೇಳಿದ್ದಕ್ಕೆ ಉತ್ತರ ಕೊಡಬೇಕೇ ಹೊರತು ಅವನ ಮನಸ್ಸಿನಲ್ಲಿದ್ದುದಕ್ಕಲ್ಲ. ಆಟ ವಿನ್ಯಾಸಕ ವಿನ್ಸೆಂಟ್ ಬೇಕರ್ 2000ದ ದಶಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದರು: ರೂಲ್ಸ್ ಇರುವುದೇ, ಈಗ ಏನಾಯಿತು ಎಂಬುದನ್ನು ಟೇಬಲ್ಲಿನವರೆಲ್ಲ ಒಪ್ಪಿಕೊಳ್ಳಲಿ ಅಂತ. ಚಿತ್ರ ಅವರವರದು. ಎಲ್ಲರಿಗೂ ಸೇರಿದ್ದು ಬಾಯಿಂದ ಹೊರಬಂದು, ಇನ್ನೊಬ್ಬರು ಹೂಂ ಅಂದದ್ದು ಮಾತ್ರ.

ಹಾಗಂತ ಎಲ್ಲವನ್ನೂ ಹೇಳಿ ಮುಗಿಸಲಾಗುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಯಲ್ಲಿ ಅಡಗಿರುವ ನಂಬಿಕೆ ಅದೇ, ವರ್ಣನೆ ಜಾಸ್ತಿ ಮಾಡಿದರೆ ಚಿತ್ರ ಒಂದಾಗುತ್ತದೆ ಅಂತ. ಆಗುವುದಿಲ್ಲ. ಮೂರು ನಿಮಿಷ ವರ್ಣಿಸಿ ನೋಡಿ. ಪಾಚಿ, ಮಂಜು, ಹದ್ದು, ಹಗ್ಗ, ದೂರದ ಗಂಟೆ ಸದ್ದು. ಒಬ್ಬ ಹದ್ದನ್ನು ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬಳು ಗಂಟೆಯನ್ನು. ಹಗ್ಗ ಯಾರಿಗೂ ನೆನಪಿರುವುದಿಲ್ಲ. ಬಿಟ್ಟ ಜಾಗವನ್ನು ಪ್ರತಿಯೊಬ್ಬರೂ ತಮ್ಮ ಊರಿನಿಂದ, ತಾವು ನೋಡಿದ ಸಿನಿಮಾದಿಂದ ತುಂಬಿಕೊಳ್ಳುತ್ತಾರೆ. ವರ್ಣನೆ ಉದ್ದವಾದಷ್ಟೂ ಯಾವುದು ಮುಖ್ಯ ಎಂಬುದು ಮುಚ್ಚಿಹೋಗುತ್ತದೆ.

ಈ ಆಟದ ಮಂದಿಯಲ್ಲಿ ಒಂದು ಹಳೇ ಜೋಕು ಓಡಾಡುತ್ತದೆ, 1980ರ ದಶಕದಲ್ಲೇ ಅಚ್ಚಾಗಿತ್ತು. ಡಿಎಂ "ತೋಟದಲ್ಲಿ ಒಂದು ಗಜೀಬೊ ಇದೆ" ಅನ್ನುತ್ತಾನೆ. ಗಜೀಬೊ ಅಂದರೆ ತೋಟದಲ್ಲಿ ಕೂರಲು ಕಟ್ಟಿರುವ ಮಂಟಪ. ಆಡುವವನಿಗೆ ಅದು ಗೊತ್ತಿಲ್ಲ. ಪಿಶಾಚಿ ಇರಬೇಕು ಅಂದುಕೊಂಡು ಕೂಗಿ ಕರೆಯುತ್ತಾನೆ, ಉತ್ತರವಿಲ್ಲ. ಬಾಣ ಬಿಡುತ್ತಾನೆ. ಗಾಯವಾಯಿತಾ ಅಂತ ಕೇಳುತ್ತಾನೆ. ಇಲ್ಲ, ಅದು ಗಜೀಬೊ! ಮತ್ತೆ ಮತ್ತೆ ಅದೇ ಮಾತು. ಕೊನೆಗೆ ರೋಸಿಹೋದ ಡಿಎಂ, ಗಜೀಬೊ ನಿನ್ನನ್ನು ತಿಂದುಹಾಕಿತು ಅನ್ನುತ್ತಾನೆ. ಎಲ್ಲರೂ ಆಡುವವನನ್ನು ನೋಡಿ ನಗುತ್ತಾರೆ. ನನಗೆ ಮಾತ್ರ ತಪ್ಪು ಡಿಎಂನದು ಅನ್ನಿಸುತ್ತದೆ. ಅಷ್ಟು ಹೊತ್ತೂ ಒಂದೇ ಪದವನ್ನು ಜೋರಾಗಿ ಹೇಳಿದನೇ ಹೊರತು "ಸುಮ್ನೆ ಮರದ ಮಂಟಪ ಕಣೋ" ಅನ್ನಲಿಲ್ಲ.

ಇನ್ನು ಮ್ಯಾಪು, ಮಿನಿಯೇಚರು. ಈ ಆಟ ಹುಟ್ಟಿದ್ದೇ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ. ಹಾಗಾಗಿ ಮೊದಲ ಪುಸ್ತಕಗಳಲ್ಲಿ ದೂರವನ್ನು ಇಂಚಿನಲ್ಲೇ ಬರೆದಿದ್ದರು. ಆಮೇಲೆ ಬಂದ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಒಂದು ಇಂಚು ಅಂದರೆ ಗುಹೆಯೊಳಗೆ 10 ಅಡಿ, ಬಯಲಲ್ಲಿ 10 ಗಜ. ಅಳತೆಗೋಲು ಇಟ್ಟುಕೊಂಡವರೇ ಹೀಗೆ ಒದ್ದಾಡಿದ್ದಾರೆ! ಈಗ ಸಾಮಾನ್ಯವಾಗಿ ಮ್ಯಾಪಿನ ಒಂದು ಚೌಕ ಅಂದರೆ 5 ಅಡಿ. ಕತ್ತಿವರಸೆ ನಡೆಯುವಾಗ ಯಾರು ಎಲ್ಲಿ ನಿಂತಿದ್ದಾರೆ ಎಂಬ ಜಗಳವನ್ನು ಚೌಕಗಳು ನಿಜಕ್ಕೂ ನಿಲ್ಲಿಸುತ್ತವೆ. ಆದರೆ ಸೇತುವೆ ಹಗ್ಗದ್ದೋ ಕಲ್ಲಿನದೋ, ಅಲ್ಲಾಡುತ್ತಿದೆಯೋ ಇಲ್ಲವೋ ಅಂತ ಚೌಕ ಹೇಳುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಚೌಕ ಹರಡಿದ ಕೂಡಲೇ ಜನ ಚದುರಂಗ ಆಡಲು ಶುರು ಮಾಡುತ್ತಾರೆ. "ಅಲ್ಲಿ ಜೋತಾಡುವ ಬಳ್ಳಿ ಇದೆಯಾ?" ಅಂತ ಕೇಳುವವರು ಕಮ್ಮಿಯಾಗುತ್ತಾರೆ, ಯಾಕೆಂದರೆ ಮ್ಯಾಪಿನಲ್ಲಿ ಬಳ್ಳಿ ಬರೆದಿಲ್ಲ. ದುಡ್ಡು ಖರ್ಚು ಮಾಡುವ ಮುಂಚೆ ಒಂದು ರಫ್ ನೋಟ್‌ಬುಕ್ಕು, ಪೆನ್ಸಿಲು, ನಾಲ್ಕು ಬಟನ್ ಇಟ್ಟು ನೋಡಿ. ನಾನು ಇವತ್ತಿಗೂ ಬಹಳ ಸಲ ಹುಣಸೆ ಬೀಜದಲ್ಲೇ ಕೆಲಸ ಮುಗಿಸುತ್ತೇನೆ.

ಅಳತೆಯನ್ನು ನಮ್ಮ ಬದುಕಿಗೆ ಕಟ್ಟಿಕೊಟ್ಟರೆ ಮ್ಯಾಪು ಅರ್ಧ ಬೇಕಾಗುವುದೇ ಇಲ್ಲ. ಐದನೇ ಆವೃತ್ತಿಯಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡು, ಮನುಷ್ಯನೊಬ್ಬ ಅಷ್ಟರಲ್ಲಿ 30 ಅಡಿ ನಡೆಯುತ್ತಾನೆ. 30 ಅಡಿ ಅಂತ ಬರೀ ಹೇಳಿದರೆ ಯಾರಿಗೂ ತಟ್ಟುವುದಿಲ್ಲ. "ಥರ್ಟಿ ಫಾರ್ಟಿ ಸೈಟಿನ ಅಗಲದಷ್ಟು" ಅನ್ನಿ, ಮೈಸೂರು, ಬೆಂಗಳೂರಿನಲ್ಲಿ ಗೊತ್ತಾಗದವರೇ ಇಲ್ಲ. ಫೈರ್‌ಬಾಲ್ ಮಂತ್ರದ ಬೆಂಕಿ ಸಿಡಿದ ಜಾಗದಿಂದ ಸುತ್ತಲೂ 20 ಅಡಿ ಹರಡುತ್ತದೆ. ಅಂದರೆ ಆ ಸೈಟಿನ ನಟ್ಟನಡುವೆ ಬಿದ್ದರೆ ನಾಲ್ಕು ಮೂಲೆಗಳಷ್ಟೇ ಉಳಿಯುತ್ತವೆ. ಪಂಜಿನ ಬೆಳಕು 20 ಅಡಿವರೆಗೆ ಚೆನ್ನಾಗಿ, ಇನ್ನೊಂದು 20 ಅಡಿ ಮಸುಕಾಗಿ. ಮನೆ ಬಾಗಿಲಲ್ಲಿ ನಿಂತರೆ ಗೇಟು ಕಾಣುತ್ತದೆ, ಎದುರುಮನೆಯವರು ಯಾರೆಂದು ಗುರುತಾಗುವುದಿಲ್ಲ ಅನ್ನಬಹುದು.

ನಿಮ್ಮ ಗೆಳತಿಯ ವಿಷಯ ಬೇರೆಯೇ. ಅವರಿಗೆ ಆಸಕ್ತಿ ಇಲ್ಲ ಎಂಬುದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಎಂಟು ತಿಂಗಳು ಶನಿವಾರ ತಪ್ಪಿಸದೆ ಬಂದವರಿಗೆ ಆಸಕ್ತಿ ಇಲ್ಲದೆ ಏನು? 1880ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಒಂದು ಪ್ರಶ್ನೆಪಟ್ಟಿ ಕೊಟ್ಟು, ಬೆಳಿಗ್ಗೆ ತಿಂಡಿ ತಿಂದ ಮೇಜನ್ನು ನೆನಪಿಸಿಕೊಳ್ಳಿ, ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ಕೇಳಿದ. ಕೆಲವರು ಎದುರಿಗೇ ಇಟ್ಟ ಹಾಗೆ ಕಾಣುತ್ತದೆ ಎಂದರು. ಕೆಲವರು, ಅದರಲ್ಲೂ ಅವನ ಪರಿಚಯದ ವಿಜ್ಞಾನಿಗಳೇ, ಏನೂ ಕಾಣುವುದಿಲ್ಲ ಎಂದರು. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ನರವಿಜ್ಞಾನಿ ಆಡಮ್ ಝೀಮನ್ ಮತ್ತು ಸಂಗಡಿಗರು ಇದಕ್ಕೆ ಅಫ್ಯಾಂಟೇಶಿಯಾ ಅಂತ ಹೆಸರಿಟ್ಟರು. ನೂರರಲ್ಲಿ ಒಬ್ಬರೋ ಇಬ್ಬರೋ, ತೀರಾ ಮಸುಕಾಗಿ ಕಾಣುವವರನ್ನೂ ಸೇರಿಸಿಕೊಂಡರೆ ಮೂರು ನಾಲ್ಕು ಜನ ಹೀಗಿರುತ್ತಾರೆ ಎಂಬ ಅಂದಾಜಿದೆ. ಇದು ರೋಗವಲ್ಲ. ಕಲ್ಪನೆ ಇಲ್ಲ ಅಂತಲೂ ಅಲ್ಲ, ಚಿತ್ರ ಇಲ್ಲ ಅಷ್ಟೆ.

ನನ್ನ ಟೇಬಲ್ಲಿಗೆ ಬರುವ ಒಬ್ಬರು ಹೀಗೇ ಇದ್ದಾರೆ. ಅವರು ಕಥೆಯನ್ನು ಸಂಗತಿಗಳ ಪಟ್ಟಿಯಾಗಿ ಇಟ್ಟುಕೊಳ್ಳುತ್ತಾರೆ: ಯಾರು, ಎಷ್ಟು ಜನ, ಎಷ್ಟು ದೂರ, ಬಾಗಿಲು ಎಲ್ಲಿ. ಹೋದ ವಾರ ಮೂರು ಜನ ಕಾವಲುಗಾರರು ಅಂದಿರಿ, ಈಗ ಇಬ್ಬರು ಅಂತೀರಿ ಅಂತ ನನ್ನನ್ನು ಹಿಡಿದುಹಾಕುವವರು ಅವರೊಬ್ಬರೇ. ನಿಮ್ಮ ಗೆಳತಿಗೆ ಏನು ಹೇಳಿದರೆ ಅನುಕೂಲ ಅಂತ ನೇರವಾಗಿ ಕೇಳಿ. ಸೂರ್ಯಾಸ್ತದ ಬಣ್ಣ ಅವರಿಗೆ ಬೇಡವಾಗಿರಬಹುದು. ತಮಾಷೆ ಏನೆಂದರೆ, ಸೇತುವೆಯ ಹತ್ತಿರ "ಅದು ಯಾವುದರಿಂದ ಕಟ್ಟಿದ್ದು?" ಅಂತ ಕೇಳಬಹುದಾಗಿದ್ದವರು ಬಹುಶಃ ಅವರೇ. ಉಳಿದವರಿಗೆಲ್ಲ ಆಗಲೇ ಕಂಡುಬಿಟ್ಟಿತ್ತಲ್ಲ.

ಈಗ ಆ ಸಾವು. ಗ್ಯಾರಿ ಅಲನ್ ಫೈನ್ ಎಂಬ ಸಮಾಜಶಾಸ್ತ್ರಜ್ಞ 1970ರ ದಶಕದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ ಇಂಥ ಗುಂಪುಗಳ ಜೊತೆ ತಾನೂ ಕೂತು ಆಡಿ ಅಧ್ಯಯನ ಮಾಡಿದರು. ಟೇಬಲ್ಲಿನ ಮುಂದೆ ಕೂತ ಒಬ್ಬೊಬ್ಬರಲ್ಲೂ ಮೂವರಿರುತ್ತಾರೆ ಎಂಬುದು ಅವರು ಕಂಡ ಒಂದು ಸಂಗತಿ: ಆ ಮನುಷ್ಯ, ಆಟಗಾರ, ಪಾತ್ರ. ನಿಮ್ಮ ತಮ್ಮ, ದಾಳ ಹಿಡಿದ ಆಟಗಾರ, ಗಾಡಿ ಓಡಿಸಿದ ವೀರ. ಈ ಮೂವರಲ್ಲಿ ಸೇತುವೆಯ ಎದುರು ನಿಂತಿದ್ದವನು ವೀರ ಒಬ್ಬನೇ. ಅವನಿಗೆ ಹಗ್ಗ ಕಂಡಿರುತ್ತಿತ್ತು. ಆಟಗಾರನಿಗೆ ಕಾಣಲಿಲ್ಲ. ಯಾಕೆಂದರೆ ಪಾತ್ರದ ಕಣ್ಣು ಇರುವುದು ನಿಮ್ಮ ಬಾಯಲ್ಲಿ.

ಹಾಗಾಗಿ ನಾನು ಬಳಸುವ ಒರೆಗಲ್ಲು ಇದು: ಪಾತ್ರ ಅಲ್ಲಿ ನಿಜವಾಗಿ ನಿಂತಿದ್ದರೆ ಈ ಸಂಗತಿ ಕಣ್ಣಿಗೆ ಬೀಳುತ್ತಿತ್ತೇ? ಬೀಳುತ್ತಿತ್ತು ಅನ್ನುವುದಾದರೆ ದಾಳ ಉರುಳುವ ಮುಂಚೆ ಅದನ್ನು ಹೇಳುವುದು ನನ್ನ ಕೆಲಸ. ಹಲಗೆಯ ಅಡಿಯಲ್ಲಿ ಯಾರೋ ಹಗ್ಗವನ್ನು ಅರ್ಧ ಕುಯ್ದಿದ್ದರೆ ಅದು ಗುಟ್ಟು, ಹೇಳಬೇಕಿಲ್ಲ. ಸೇತುವೆಯೇ ಹಗ್ಗದ್ದು ಎಂಬುದು ಗುಟ್ಟಲ್ಲ. ಈ ಲೆಕ್ಕದಲ್ಲಿ ತಪ್ಪು ನಿಮ್ಮ ಕಡೆಗೇ ವಾಲುತ್ತದೆ. ಬೇಜಾರಾಗಬೇಡಿ, ಬಾವಿಯ ಹತ್ತಿರ ನಾನೂ ಅಲ್ಲೇ ಬಿದ್ದಿದ್ದು.

ಸಾವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಹೇಗೆ ಎಂಬುದರಲ್ಲಿ ಅಪಾಯ ಇದೆ. ಇಡೀ ದೃಶ್ಯವನ್ನು ಸೇತುವೆಯ ಈಚೆ ದಡಕ್ಕೆ ತಿರುಗಿಸಿ ಮತ್ತೆ ಆಡಿದರೆ ತಮ್ಮನಿಗೆ ನ್ಯಾಯ ಸಿಗುತ್ತದೆ. ಆದರೆ ಅದಾದ ಮೇಲೆ ಬೇರೆಯವರು ಏನಾದರೂ ಆಡಿದ್ದರೆ ಅದೂ ಅಳಿಸಿಹೋಗುತ್ತದೆ. ಪ್ರತಿ ಸಾವಿಗೂ "ನಾನು ಬೇರೆ ಥರ ಅಂದ್ಕೊಂಡಿದ್ದೆ" ಎಂಬ ಅರ್ಜಿ ಬರುವ ಸಾಧ್ಯತೆಯೂ ಇದೆ. ಸಾವನ್ನು ಹಾಗೇ ಬಿಟ್ಟು ಹೊಸ ಪಾತ್ರ ಕೊಟ್ಟರೆ ಲೋಕ ಗಟ್ಟಿಯಾಗಿ ಉಳಿಯುತ್ತದೆ, ಮನಸ್ತಾಪವೂ ಗಟ್ಟಿಯಾಗಿಯೇ ಉಳಿಯುತ್ತದೆ. ನಾನಾಗಿದ್ದರೆ ನಡುವಿನ ದಾರಿ ಹಿಡಿಯುತ್ತಿದ್ದೆ. ಸೇತುವೆ ಕಡಿದದ್ದು ನಿಜ, ಗಾಡಿ, ಕುದುರೆ ಹೋದದ್ದು ನಿಜ. ಅವನು ಮಾತ್ರ ಹಗ್ಗಕ್ಕೆ ಸಿಕ್ಕಿಕೊಂಡು ನೇತಾಡುತ್ತಿದ್ದಾನೆ. ಉಳಿದವರು ಎಳೆದುಕೊಳ್ಳಲಿ. ಇದರಲ್ಲೂ ಒಂದು ತೊಡಕಿದೆ: "ಅಕ್ಕ ಕನಿಕರ ತೋರಿಸಿದಳು" ಅಂತ ಅವನಿಗೆ ಅನ್ನಿಸಬಾರದು. ಅದಕ್ಕೇ ನೀವೊಬ್ಬರೇ ತೀರ್ಮಾನ ಮಾಡಬೇಡಿ, ಟೇಬಲ್ಲಿಗೆ ಇಟ್ಟು ಎಲ್ಲರನ್ನೂ ಕೇಳಿ.

ಮುಂದಕ್ಕೆ ಒಂದೇ ಅಭ್ಯಾಸ ಸಾಕು. ಯಾರಾದರೂ ವಿಚಿತ್ರವಾದದ್ದೇನಾದರೂ ಮಾಡಹೊರಟರೆ, ಇವನಿಗೆ ಬೇರೇನೋ ಕಾಣುತ್ತಿದೆ ಅಂತ ಮೊದಲು ಅನುಮಾನ ಪಡಿ. ದಡ್ಡ ಅಂತಲ್ಲ. "ಏನಾಗುತ್ತೆ ಅಂದ್ಕೊಂಡು ಗಾಡಿ ಹತ್ತಿಸ್ತಿದ್ದೀಯಾ?" ಅಂತ ಕೇಳಿ. "ಕಲ್ಲಿನ ಸೇತುವೆ ಅಲ್ವಾ, ದಾಟುತ್ತೆ" ಅನ್ನುತ್ತಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಬರೀ "ಖಂಡಿತಾನಾ?" ಅಂತ ಕೇಳಬೇಡಿ. ಅದು ಹೆದರಿಕೆ ಹುಟ್ಟಿಸುತ್ತದೆ, ವಿಷಯ ತಿಳಿಸುವುದಿಲ್ಲ. ಆಮೇಲೆ ನೀವು ಖಂಡಿತಾನಾ ಅಂದಾಗಲೆಲ್ಲ ಬಲೆ ಇದೆ ಅಂತ ಜನ ಕಲಿತುಬಿಡುತ್ತಾರೆ.

ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ, ಆಡುವವರಿಂದಲೇ ವಿವರ ತುಂಬಿಸುವುದು. "ಸೇತುವೆಯಲ್ಲಿ ನಿನಗೆ ಮೊದಲು ಕಣ್ಣಿಗೆ ಬಿದ್ದದ್ದೇನು, ನೀನೇ ಹೇಳು." 2013ರಲ್ಲಿ ಬಂದ ಎವರಿ ಆಲ್ಡರ್ ಅವರ ದಿ ಕ್ವಯಟ್ ಇಯರ್ ಎಂಬ ಆಟದಲ್ಲಿ ಡಿಎಂ ಇಲ್ಲವೇ ಇಲ್ಲ, ಎಲ್ಲರೂ ಸರದಿಯ ಮೇಲೆ ಒಂದೇ ಹಾಳೆಯಲ್ಲಿ ಊರಿನ ನಕ್ಷೆ ಬರೆಯುತ್ತಾ ಹೋಗುತ್ತಾರೆ. ತಾವೇ ಬರೆದದ್ದನ್ನು ಯಾರೂ ಮರೆಯುವುದಿಲ್ಲ. ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. "ನಾನು ಲೋಕ ನೋಡೋಕೆ ಬಂದಿದ್ದು, ಕಟ್ಟೋಕಲ್ಲ" ಅನ್ನುವವರಿದ್ದಾರೆ. ಅವರದೂ ನ್ಯಾಯವೇ. ವಾರಕ್ಕೊಂದು ಸಲ, ಸಣ್ಣ ವಿಷಯಕ್ಕೆ ಕೇಳಿ ನೋಡಿ.

ಕೊನೆಗೆ ಒಂದು, ನೀವು ಕೇಳದೇ ಇದ್ದದ್ದು. ಸೇತುವೆ ಹಗ್ಗದ್ದೋ ಕಲ್ಲಿನದೋ ಎಂಬುದು ಐದು ನಿಮಿಷದಲ್ಲಿ ಸರಿಯಾಗುತ್ತದೆ. ಅದಕ್ಕಿಂತ ಆಳದ ಅಂತರ ಇನ್ನೊಂದಿದೆ: ಇಲ್ಲಿ ಜನ ಎಷ್ಟು ಸುಲಭವಾಗಿ ಸಾಯುತ್ತಾರೆ? ನಿಮ್ಮದು ತಪ್ಪು ಹೆಜ್ಜೆಗೆ ಪ್ರಾಣ ಹೋಗುವ ಲೋಕ, ನಿಮ್ಮ ತಮ್ಮನದು ನಾಯಕ ಬಿದ್ದರೂ ಏಳುವ ಲೋಕ ಆಗಿದ್ದರೆ, ಎಷ್ಟು ಚೆನ್ನಾಗಿ ವರ್ಣಿಸಿದರೂ ಜಗಳ ತಪ್ಪದು. ಆಟದ ರೂಲ್ಸೇ ಇದರಲ್ಲಿ ಗೊಂದಲ. ಪೆಟ್ಟು ಬಿದ್ದಾಗ ಕಳೆಯುತ್ತಾ ಹೋಗುವ ಹಿಟ್ ಪಾಯಿಂಟ್ ಅಂದರೆ ಬರೀ ಗಾಯವಲ್ಲ, ಅದೃಷ್ಟ, ಚಾಕಚಕ್ಯತೆ ಎಲ್ಲ ಸೇರಿದೆ ಅಂತ ಗೈಗ್ಯಾಕ್ಸ್ 1979ರಲ್ಲೇ ಬರೆದಿದ್ದರು. ಇವತ್ತಿಗೂ "ಎಂಟು ಪಾಯಿಂಟ್ ಹೋಯ್ತು" ಅಂದರೆ ಒಬ್ಬರಿಗೆ ರಕ್ತ ಕಾಣುತ್ತದೆ, ಇನ್ನೊಬ್ಬರಿಗೆ ಅಂಗಿ ಹರಿದದ್ದು. ಇಂಥ ಮಾತುಗಳನ್ನು ಆಡಿಕೊಳ್ಳಲೆಂದೇ ಮೊದಲ ಆಟಕ್ಕೂ ಮುಂಚೆ ಒಂದು ದಿನ ಕೂರುವುದನ್ನು ಸೆಷನ್ ಝೀರೋ ಅನ್ನುತ್ತಾರೆ. ಎಂಟು ತಿಂಗಳಾದ ಮೇಲೂ ಕೂರಬಹುದು, ಯಾರೂ ತಡೆಯುವುದಿಲ್ಲ.

ಅದಕ್ಕೂ ಮುಂಚೆ ತಮ್ಮನಿಗೆ ಒಂದು ಫೋನ್ ಮಾಡಿ. ಗುಂಪಿನ ವಾಟ್ಸಾಪಿನಲ್ಲಿ ಬೇಡ. ತಪ್ಪು ಯಾರದು ಎಂಬ ಮಾತೂ ಸದ್ಯಕ್ಕೆ ಬೇಡ. ಅವನಿಗೆ ಕಂಡ ಸೇತುವೆಯನ್ನು ಒಂದು ಹಾಳೆಯಲ್ಲಿ ಬರೆದು ತರಲು ಹೇಳಿ. ನೀವೂ ನಿಮ್ಮದನ್ನು ಬರೆಯಿರಿ. ಶನಿವಾರ ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು, ಉಳಿದ ಮೂವರಿಗೆ ತೋರಿಸಿ.